ಎಡಗಾಲಿನ ಬಣ್ಣ

ಇರಲಿ ಬಿಡ್ರಿ ಅಮ್ಮಾ, ಸ್ವಲ್ಪ ಹೊತ್ತು ಇರಲಿ ಎಂದು ಬೆಳಿಗ್ಗೆ ಅಂದವಳು ತಾನೇ, ಬೇರೆ ಯಾರೂ ಅಲ್ಲ. ಗದ್ವಾಲದ ಈ ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರು ಅನ್ನಿಸಿಕೊಂಡು, ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು, ಒಬ್ಬ ಮುದುಕಿಯ ಎದುರು ಮೆತ್ತಗಾಗಿಬಿಟ್ಟೆನಲ್ಲ ಎಂದು ಬಸವೇಶ್ವರಿಗೆ ತನ್ನ ಮೇಲೇ ಸಿಟ್ಟು ಬಂತು. ಮುದುಕಿ ಕುರುಮಮ್ಮ ಕೆ.ಟಿ. ದೊಡ್ಡಿ ಕಡೆಯ ಹಳ್ಳಿಯವಳು. ದಿನ ತುಂಬುವ ಮೊದಲೇ ಹುಟ್ಟಿ ಉಸಿರಿನ ಯಂತ್ರದ ಮೇಲಿರುವ ಹೆಣ್ಣುಕೂಸಿನ ಅಜ್ಜಿ. ಸೊಸೆಯ ಎದೆಹಾಲನ್ನು ಬಟ್ಟಲಲ್ಲಿ ತಂದು ಕೊಡುವ ನೆಪದಲ್ಲಿ ಒಳಗೆ ಬಂದವಳು, ಸೊಂಟದ ಗಂಟಿನಿಂದ ತನ್ನ ಗಂಡನ ಹಳೆಯ ಧೋತರದ ತುಂಡನ್ನು ತೆಗೆದು ಕೂಸಿನ ಕಾಲಿಗೆ ಹೊದಿಸಿದ್ದಳು. ಕಾಲು ಮುಚ್ಚಬಾರದು, ಹೊಕ್ಕುಳಲ್ಲಿ ನಳಿ ಹಾಕಿದ ಮಕ್ಕಳ ಕಾಲು ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು ಎಂದು ಬಸವೇಶ್ವರಿ ತೆಲುಗಿನಲ್ಲಿ, ಎಲ್ಲರಿಗೂ ಹೇಳುವ ದನಿಯಲ್ಲೇ ಶುರುಮಾಡಿದಳು. ಮುದುಕಿ ಕನ್ನಡದಲ್ಲಿ ಉತ್ತರ ಕೊಟ್ಟಳು. "ನೀ ಮಕ್ತಲದಾಕಿ ಅಲ್ಲೇನ ತಾಯಿ? ನರ್ಸಮ್ಮ ಹೇಳಿದ್ಲು. ಹುಟ್ಟಿದ ಕೂಸಿಗೆ ಮೊದಲ ಅರಿವಿ ಮುತ್ಯಾಂದು ಆಗಬೇಕು, ನಿಮ್ಮ ಮನ್ಯಾಗೂ ಹಂಗ ಮಾಡಿರ್ತಾರ. ಹೆಣ್ಣು ಹುಡುಗಿನ ಹಿಂಗ ಬರಿಗಾಲ್ಲೆ ದೀಪದ ಬುಡಕ ಮಲಗಿಸೀರಿ, ಬಂದವರ ಕಣ್ಣೆಲ್ಲ ಅದರ ಮ್ಯಾಲೆ." ಅರಿವಿ ಎಂಬ ಮಾತನ್ನು ಬಸವೇಶ್ವರಿ ಕೇಳಿ ವರ್ಷಗಳೇ ಆಗಿದ್ದವು. ಅವಳ ಅಜ್ಜಿ ಬಟ್ಟೆ ಅಂದವಳೇ ಅಲ್ಲ, ಸಾಯುವ ತನಕ ಅರಿವಿ ಎಂದೇ ಅಂದಳು. ಅಷ್ಟೇ ಸಾಕಾಯಿತು. ಇರಲಿ ಬಿಡ್ರಿ ಅಂದುಬಿಟ್ಟಳು.

ಆಮೇಲೆ ಧರೂರಿನಿಂದ ಇನ್ನೊಂದು ಕೂಸು ಬಂತು, ಕಾಮಾಲೆ ಏರಿ ಕಣ್ಣು ಬಿಡದ ಕೂಸು. ಆ ಗದ್ದಲದಲ್ಲಿ ಧೋತರದ ತುಂಡು ಮರೆತುಹೋಯಿತು. ಮರೆತುಹೋಯಿತೋ, ಮರೆಯಲು ಬಿಟ್ಟೆನೋ. ಹೈದರಾಬಾದಿನ ಹಾಸ್ಟೆಲಿನಲ್ಲಿ ಗಡಿಯೂರಿನಿಂದ ಬಂದ ಅವಳ ತೆಲುಗಿಗೆ ನಗುತ್ತಿದ್ದರು. ರಜೆಯಲ್ಲಿ ರಾಯಚೂರಿಗೆ ಹೋದರೆ ಸೋದರತ್ತೆಯ ಮಕ್ಕಳು ಅವಳ ಕನ್ನಡಕ್ಕೆ ನಗುತ್ತಿದ್ದರು. ಪ್ರತ್ಯೇಕ ರಾಜ್ಯದ ಚಳವಳಿ ಜೋರಾಗಿ ಕಾಲೇಜುಗಳು ಮುಚ್ಚಿ ಹುಡುಗಿಯರೆಲ್ಲ ರಸ್ತೆಗಿಳಿದಾಗ, ನಿನಗೇನು ಇದರಲ್ಲಿ, ನೀನು ಕನ್ನಡದವಳು ಎಂದಿದ್ದಳು ಪಕ್ಕದ ಕೋಣೆಯವಳು. ಬಸವೇಶ್ವರಿ ಅವಳಿಗಿಂತ ಜೋರಾಗಿ ಜೈ ತೆಲಂಗಾಣ ಎಂದು ಕೂಗಿದಳು. ಕೂಗಿ ಕೂಗಿ ಗಂಟಲು ಕಟ್ಟಿ ಆಮೇಲೆ ಮಾತೇ ಹೊರಡಲಿಲ್ಲ. ರಾಜ್ಯ ಬಂತು, ಗದ್ವಾಲ ಜಿಲ್ಲೆಯಾಯಿತು, ನಾರಾಯಣಪೇಟೆಯೂ ಜಿಲ್ಲೆಯಾಯಿತು. ಅವಳ ತೆಲುಗೂ ತಿದ್ದಿಕೊಂಡಿತು. ಆದರೆ ಯಾರಾದರೂ ಮನೆಯ ಮಾತಿನಲ್ಲಿ ತಾಯಿ ಎಂದು ಕರೆದರೆ ಕರಗುವ ದುರ್ಗುಣ ಮಾತ್ರ ಹೋಗಲಿಲ್ಲ. ಇದೆಂಥ ಹಸಿವು ಎಂದು ಅವಳಿಗೆ ನಾಚಿಕೆಯಾಗುತ್ತದೆ.

"ಮೇಡಂ, ಪಾಪ ಕಾಲು ಚೂಡಂಡಿ" ಎಂದು ನರ್ಸ್ ಶಿರಿಷಾ ತೆಲುಗಿನಲ್ಲಿ ಕೂಸಿನ ಕಾಲು ತೋರಿಸಿದಳು. ಅವಳು ಕೂಗುವವಳಲ್ಲ. ಧೋತರದ ತುಂಡನ್ನು ಎತ್ತಿ ಹಿಡಿದು ಹಾಗೇ ನಿಂತಿದ್ದಳು. ಕೂಸಿನ ಬಲಗಾಲು ಕೆಂಪಗಿತ್ತು. ಎಡಗಾಲು ಸುಣ್ಣ ಬಳಿದಂತೆ ಬೆಳ್ಳಗಾಗಿ ಬೆರಳ ತುದಿಗಳು ನೀಲಿಗಟ್ಟಿದ್ದವು. ಮುಟ್ಟಿದರೆ ತಣ್ಣಗೆ. ಕಣಕಾಲಿಗೆ ಒಂದು ಕಪ್ಪು ದಾರ. "ಅಯ್ಯೋ, ದಾರ ಕಟ್ಯಾರ್ರೀ ಮೇಡಂ" ಎಂದು ಶಿರಿಷಾ ಕನ್ನಡಕ್ಕೆ ತಿರುಗಿದಳು. ದೃಷ್ಟಿಗೆಂದು ಮುದುಕಿ ಧೋತರದ ಮರೆಯಲ್ಲಿ ಕಟ್ಟಿ ಹೋಗಿದ್ದಳು. ಆ ದಾರ ಕಂಡ ಗಳಿಗೆಯಲ್ಲಿ ಬಸವೇಶ್ವರಿಗೆ ಆದದ್ದು ಸಂತೋಷ. ಅದಕ್ಕೆ ಬೇರೆ ಹೆಸರಿಲ್ಲ. ನನ್ನ ನಳಿ ಅಲ್ಲ, ಮುದುಕಿಯ ದಾರ! ಮೈಯೆಲ್ಲ ಹಗುರಾಯಿತು. ಕತ್ತರಿ ತೆಗೆದುಕೊಂಡು ದಾರದ ಕೆಳಗೆ ತೂರಿಸಿದಳು. ಕತ್ತರಿಯ ತುದಿ ಚರ್ಮಕ್ಕೆ ತಾಗದೆ ಸರಾಗವಾಗಿ ಒಳಗೆ ಹೋಯಿತು. ದಾರ ಸಡಿಲವಾಗಿತ್ತು. ಅದು ಇದ್ದ ಜಾಗದಲ್ಲಿ ಒಂದು ಗೆರೆಯೂ ಮೂಡಿರಲಿಲ್ಲ. ಬಿಳುಪು ದಾರದ ಹತ್ತಿರ ನಿಂತಿರಲಿಲ್ಲ, ಮೀನಖಂಡ ದಾಟಿ ಮೊಣಕಾಲಿನವರೆಗೆ ಏರಿತ್ತು. ಕೂಸನ್ನು ಸ್ವಲ್ಪ ಓರೆ ಮಾಡಿ ನೋಡಿದಳು. ಎಡ ಕುಂಡೆಯ ಮೇಲೂ ಹೆಬ್ಬೆರಳಲ್ಲಿ ಮುಚ್ಚುವಷ್ಟು ಒಂದು ಬಿಳಿ ಮಚ್ಚೆ. ಕಾಲಿಗೆ ಕಟ್ಟಿದ ದಾರ ಕುಂಡೆಯನ್ನು ಬೆಳ್ಳಗೆ ಮಾಡುವುದಿಲ್ಲ. ಇದು ನಳಿಯದೇ ಕೆಲಸ, ಅಂದರೆ ತನ್ನದು.

ಹೊಕ್ಕುಳಬಳ್ಳಿಯ ಅಪಧಮನಿಯೊಳಗಿಂದ ಮೈಯ ದೊಡ್ಡ ರಕ್ತನಾಳದವರೆಗೆ ಆ ಸಣ್ಣ ನಳಿಯನ್ನು ಇಳಿಸಿದವಳು ಅವಳೇ. ಅದಿದ್ದರೆ ಕೂಸನ್ನು ಮತ್ತೆ ಮತ್ತೆ ಚುಚ್ಚಬೇಕಿಲ್ಲ; ರಕ್ತ ಅದರಿಂದಲೇ ತೆಗೆಯಬಹುದು, ರಕ್ತದ ಒತ್ತಡ ಗಳಿಗೆ ಗಳಿಗೆಗೂ ನೋಡಬಹುದು. ಸರಿಯಾದ ಎತ್ತರಕ್ಕೆ ಹೋಗಿ ನಿಂತಿದೆ ಎಂದು ಎಕ್ಸ್‌ರೇ ತೆಗೆದು ನೋಡಿದ್ದಳು. ಎಲ್ಲ ಸರಿಯಿದ್ದರೂ ಒಮ್ಮೊಮ್ಮೆ ನಾಳ ಮುದುಡುತ್ತದೆ, ಇಲ್ಲವೇ ನಳಿಯ ತುದಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕಾಲಿಗೆ ಹೋಗುವ ರಕ್ತ ನಿಲ್ಲುತ್ತದೆ. ಅದನ್ನು ಯಂತ್ರ ಹೇಳುವುದಿಲ್ಲ. ಕಾಲ್ಬೆರಳುಗಳು ಹೇಳುತ್ತವೆ. ಅದಕ್ಕೇ ಕಾಲು ತೆರೆದಿರಬೇಕು. ಇದನ್ನು ಅವಳು ಎಷ್ಟು ನರ್ಸುಗಳಿಗೆ ಪಾಠ ಮಾಡಿದ್ದಳೋ. ಪಾಠ ಮಾಡುವಾಗ ತನ್ನ ದನಿಯಲ್ಲಿ ಬರುತ್ತಿದ್ದ ಗತ್ತು ಈಗ ನೆನಪಾಗಿ ಕಿವಿ ಬಿಸಿಯಾಯಿತು.

ಶಿರಿಷಾ ಆಗಲೇ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ತನ್ನ ಮುಂಗೈ ಮೇಲಿಟ್ಟು ಬಿಸಿ ನೋಡಿ, ಕೂಸಿನ ಬಲಗಾಲಿಗೆ ಸುತ್ತುತ್ತಿದ್ದಳು. ಒಳ್ಳೆಯ ಕಾಲನ್ನು ಬೆಚ್ಚಗೆ ಮಾಡಿದರೆ ಮೈ ಎರಡೂ ಕಾಲಿನ ನಾಳಗಳನ್ನು ಸಡಿಲಿಸುತ್ತದೆ. ರಕ್ತವಿಲ್ಲದ ಕಾಲಿಗೇ ಶಾಖ ಕೊಟ್ಟರೆ ಅದರ ಹಸಿವು ಹೆಚ್ಚುತ್ತದೆ, ಚರ್ಮ ಸುಡುತ್ತದೆ. ಗಾಜಿನ ಬಾಗಿಲ ಆಚೆ ನಿಂತಿದ್ದ ಕುರುಮಮ್ಮನಿಗೆ ಇದೆಲ್ಲ ಗೊತ್ತಿಲ್ಲ. ಊರಿನಲ್ಲಿ ಎಷ್ಟೋ ಕೂಸುಗಳಿಗೆ ಎರೆದು, ಕೆಂಡದ ಮೇಲೆ ಅಂಗೈ ಕಾಸಿ ಶಾಖ ಕೊಟ್ಟ ಕೈ ಅವಳದು. ಬಾಗಿಲು ತಳ್ಳಿಕೊಂಡು ಬಂದಳು. "ಕೆಟ್ಟದ್ದು ಎಡಗಾಲು, ನೀವು ಬಲಗಾಲು ಕಾಸಾಕತ್ತೀರಲ್ಲ! ಕಣ್ಣು ಕಾಣ್ತಾವೋ ಇಲ್ಲೋ? ಸರೀರಿ, ನಾ ಕಾಸ್ತೀನಿ." ಶಿರಿಷಾ ಅಡ್ಡ ನಿಂತಳು. ಆಗ ಮುದುಕಿಯ ಕಣ್ಣು ಸ್ಟೀಲಿನ ತಟ್ಟೆಯಲ್ಲಿದ್ದ ತುಂಡು ದಾರದ ಮೇಲೆ ಬಿತ್ತು. ಅವಳ ದನಿ ಇಳಿದುಹೋಯಿತು. "ದಾರ ಬಿಗಿ ಆಗಿತ್ತೇನ ತಾಯಿ? ನಾ ಸಡ್ಲ ಕಟ್ಟಿದ್ನೆಲ್ಲ" ಎಂದಳು. ಯಾರೂ ಉತ್ತರ ಕೊಡಲಿಲ್ಲ. ಶಿರಿಷಾ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಉತ್ತರ ಕೊಡಲು ಪುರುಸೊತ್ತಿರಲಿಲ್ಲ ಎಂಬುದು ನಿಜ. ಬಸವೇಶ್ವರಿ ಸುಮ್ಮನಿದ್ದದ್ದು ಬರೀ ಅದಕ್ಕಲ್ಲ ಎಂಬುದೂ ನಿಜ.

ಬಟ್ಟೆ ತಣ್ಣಗಾಯಿತು, ಮತ್ತೆ ಅದ್ದಿ ಸುತ್ತಿದರು. ಎಡ ತೊಡೆಯ ಸಂದಿಯಲ್ಲಿ ಬೆರಳಿಟ್ಟು ನಾಡಿ ಹುಡುಕಿದಳು. ಇತ್ತೋ ಇಲ್ಲವೋ, ತನ್ನ ಬೆರಳಿನ ನಾಡಿಯೇ ತನಗೆ ಹೊಡೆಯುತ್ತಿತ್ತೋ. ಎಡಗಾಲು ಬಣ್ಣ ತಿರುಗಲಿಲ್ಲ. ಹಂಪಣ್ಣನವರಿಗೆ ಫೋನು ಮಾಡಿದಳು. ಡಾಕ್ಟರ್ ಹಂಪಣ್ಣ ಈ ಆಸ್ಪತ್ರೆಯನ್ನು ಕಟ್ಟಿದವರು, ಮಕ್ತಲದಲ್ಲಿ ಅರಿವೆ ಅಂಗಡಿ ಇಟ್ಟಿರುವ ಅವಳ ಅಪ್ಪನ ಗೆಳೆಯ. ಮನೆಗೆ ಬಂದರೆ ಹಂಪಣ್ಣ ಕಾಕಾ, ಆಸ್ಪತ್ರೆಯಲ್ಲಿ ಸರ್. ಇವತ್ತು ನಾರಾಯಣಪೇಟೆಯಲ್ಲಿ ಅಣ್ಣನ ಮಗಳ ನಿಶ್ಚಯಕ್ಕೆ ಹೋಗಿದ್ದರು. ಫೋನಿನಲ್ಲಿ ಅವರ ದನಿಯ ಹಿಂದೆ ಹೆಂಗಸರ ನಗು, ತಟ್ಟೆಗಳ ಸದ್ದು.

"ದಾರ ಕತ್ತರಿಸಿದಿ ಅಲ್ಲ? ಸಾಕು. ನಳಿ ಮುಟ್ಟಬ್ಯಾಡ" ಎಂದರು. "ಅದನ್ನ ಒಳಗ ಇಳಿಸಾಕ ಎಷ್ಟು ಒದ್ದಾಡೀದಿ, ಮರ್ತೇನು? ತೆಗದ್ರ ಮತ್ತ ಹೋಗಂಗಿಲ್ಲ. ಕೂಸು ಮಷೀನ್ ಮ್ಯಾಲೈತಿ. ರಕ್ತ ಎಲ್ಲಿಂದ ತೆಗೀತಿ? ನಾ ಬರಾಕತ್ತೀನಿ, ಅಲ್ಲಿತನಕ ತಡಿ."

"ಕಾಲು ಎಷ್ಟೊತ್ತಿನಿಂದ ಹಿಂಗ ಐತೋ ಗೊತ್ತಿಲ್ಲ ಸರ್. ಬಟ್ಟಿ ಮುಚ್ಚಿತ್ತು."

"ಯಾರು ಮುಚ್ಚಿದ್ರು?"

"ಅಜ್ಜಿ ಮುಚ್ಚಿದ್ಲು. ನಾ ನೋಡಿ ಸುಮ್ನಾದೆ."

ಆ ಕಡೆ ಯಾರೋ ಅವರನ್ನು ಊಟಕ್ಕೆ ಕರೆಯುತ್ತಿದ್ದರು. "ತಡಿ ಅಂದೆ ಅಲ್ಲ ಬೇಟಾ, ತಡಿ" ಎಂದು ಫೋನು ಇಟ್ಟರು.

ತಡಿ. ಅವಳ ಬದುಕಿನಲ್ಲಿ ಎಲ್ಲ ಗಂಡಸರೂ ಅಂದ ಮಾತು ಅದೊಂದೇ. ಮಾತಾಡಬೇಡ, ದೊಡ್ಡವರು ಮಾತಾಡ್ತಾರ, ತಡಿ. ಇನ್ನೂ ಓದಬೇಕು ಅಂದರೆ ತಡಿ, ಈ ಹುಡುಗ ಬೇಡ ಅಂದರೆ ತಡಿ. ಹಂಪಣ್ಣ ಕಾಕಾ ಹೇಳಿದಂಗ ಕೇಳಿಕೊಂಡಿರು ಎಂದು ಅಪ್ಪ ಕೆಲಸಕ್ಕೆ ಸೇರಿಸುವಾಗ ಹೇಳಿ ಹೋಗಿದ್ದ. ಕೇಳಿಕೊಂಡೇ ಇದ್ದಳು. ಆದರೆ ಒಂದು ಕಾಲು ಬೆಳ್ಳಗಾಗಿ ಇನ್ನೊಂದಕ್ಕೆ ಶಾಖ ಕೊಟ್ಟ ಮೇಲೂ ಬಣ್ಣ ಬರದಿದ್ದರೆ ನಳಿ ತೆಗೆಯಬೇಕು ಎಂಬುದು ಯಾರ ಮನೆಯ ಅಭಿಪ್ರಾಯವೂ ಅಲ್ಲ. ಹಂಪಣ್ಣನವರಿಗೂ ಅದು ಗೊತ್ತು, ಅವಳಿಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದವರು ಜೂರಾಲಾ ಅಣೆಕಟ್ಟಿನ ಆಚೆ ಹೋಳಿಗೆ ಊಟದ ಪಂಕ್ತಿಯಲ್ಲಿದ್ದಾರೆ. ಕಾಲು ಇಲ್ಲಿದೆ. ಅವರು ಬರುವಷ್ಟರಲ್ಲಿ ಆ ಬೆರಳುಗಳು ನೀಲಿಯಿಂದ ಕಪ್ಪಿಗೆ ಹೋದರೆ ತಡೆದದ್ದು ಯಾರು? ಇಲ್ಲ, ತಡೆಯುವುದಿಲ್ಲ ಎಂದು ಬಾಯಿಬಿಟ್ಟೇ ಹೇಳಿದಳು. ಶಿರಿಷಾ ಗಾಬರಿಯಿಂದ ನೋಡಿದಳು.

"ಸರ್ ಬ್ಯಾಡ ಅಂದ್ರಲ್ರೀ ಮೇಡಂ?"

"ಅಂದ್ರು. ನೀ ದೀಪ ಹಿಡಿ, ಕೈಯಾಗ ನರ ಹುಡುಕೋಣು."

ನಳಿ ತೆಗೆಯುವ ಮೊದಲು ಅದರಿಂದ ಹೋಗುತ್ತಿದ್ದ ಗ್ಲೂಕೋಸಿನ ಹನಿಗೆ ಬೇರೆ ದಾರಿ ಮಾಡಬೇಕು. ಕೂಸಿನ ಕೈ ಅವಳ ಹೆಬ್ಬೆರಳಿನಷ್ಟಿತ್ತು. ಮೊದಲ ಸಲ ಸೂಜಿ ತಪ್ಪಿತು. ಚುಚ್ಚಿದ ಕಡೆ ಸಣ್ಣ ನೀಲಿ ಗುಳ್ಳೆ ಎದ್ದಿತು, ಕೂಸು ದನಿಯಿಲ್ಲದೆ ಬಾಯಿ ತೆರೆದು ಅತ್ತಿತು. ಗಂಟಲಲ್ಲಿ ಯಂತ್ರದ ಕೊಳವೆ ಇರುವಾಗ ಅಳುವಿಗೆ ದನಿ ಇರುವುದಿಲ್ಲ. ಕಾಕಾ ಹೇಳಿದ್ದೇ ಸರಿಯೇನೋ, ಎರಡೂ ಕಳೆದುಕೊಂಡರೆ ಏನು ಮಾಡುತ್ತೀ ಎಂದು ಒಳಗಿನಿಂದ ಯಾರೋ ಕೇಳಿದರು. ಆ ಯಾರೋ ಅಪ್ಪನ ದನಿಯಲ್ಲಿ ಮಾತಾಡುತ್ತಿದ್ದ. ಇನ್ನೊಂದು ಕೈ ಹಿಡಿದಳು. ಈ ಸಲ ನರ ಸಿಕ್ಕಿತು. ಆಮೇಲೆ ಹೊಕ್ಕುಳಿನ ಹೊಲಿಗೆ ಬಿಡಿಸಿ ನಳಿಯನ್ನು ನಿಧಾನವಾಗಿ ಎಳೆಯತೊಡಗಿದಳು. ಕೊನೆಯ ತುಸು ಭಾಗವನ್ನು ಆತುರಪಟ್ಟು ತೆಗೆದರೆ ರಕ್ತ ಚಿಮ್ಮುತ್ತದೆ. ಸ್ವಲ್ಪ ಎಳೆಯುವುದು, ನಿಲ್ಲುವುದು, ನಾಳ ತಾನಾಗಿ ಮುದುಡಿಕೊಳ್ಳಲು ಬಿಡುವುದು, ಮತ್ತೆ ಸ್ವಲ್ಪ. ಇಷ್ಟು ತಾಳ್ಮೆ ತನ್ನಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ನಳಿ ಪೂರ್ತಿ ಹೊರಗೆ ಬಂದಾಗ ಹೊಕ್ಕುಳಿನ ಕೆಳಗೆ ಹತ್ತಿಬಟ್ಟೆ ಒತ್ತಿ ಹಿಡಿದು ನಿಂತಳು.

ಆಮೇಲೆ ನೋಡುವುದೊಂದೇ ಕೆಲಸ. ಐದು ಬೆರಳು. ಕಡಲೆ ಕಾಳಿನಷ್ಟು ಹೆಬ್ಬೆರಳು, ಅದರ ಪಕ್ಕದ್ದು ಅದಕ್ಕಿಂತ ಒಂದಿಷ್ಟು ಉದ್ದ. ಹೋದ ತಿಂಗಳು ನಾರಾಯಣಪೇಟೆಯಿಂದ ಗಂಡಿನ ಕಡೆಯವರು ಬಸವೇಶ್ವರಿಯನ್ನು ನೋಡಲು ಬಂದಿದ್ದರು. ಹುಡುಗನ ಸೋದರತ್ತೆ, ದಪ್ಪ ಜರಿಯ ಸೀರೆಯವಳು, ಸ್ವಲ್ಪ ನಡೆದು ತೋರಿಸವ್ವಾ ಅಂದಳು. ಮಕ್ಕಳ ಡಾಕ್ಟರು ತನ್ನ ಮನೆಯ ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಅಷ್ಟಕ್ಕೆ ಬಿಡದೆ ಆ ಹೆಂಗಸು ಬಗ್ಗಿ, ಸೀರೆಯ ಅಂಚನ್ನು ಎರಡು ಬೆರಳಿನಿಂದ ಎತ್ತಿ ಕಾಲು ನೋಡಿದಳು. "ಎರಡನೇ ಬೆರಳು ಉದ್ದ ಐತಿ ನೋಡ್ರಿ, ಗಂಡನ ಮ್ಯಾಲೆ ಜೋರು ಮಾಡಾಕಿ" ಎಂದು ನಕ್ಕಳು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವಳು ಸೀರೆಯನ್ನು ಕಿತ್ತುಕೊಳ್ಳಲಿಲ್ಲ. ಕಾಲ್ಬೆರಳುಗಳನ್ನು ಒಳಗೆ ಮಡಚಿಕೊಂಡು ನಿಂತಳು, ತಪ್ಪು ಮಾಡಿದವಳ ಹಾಗೆ. ಈ ಕೂಸನ್ನೂ ಒಂದು ದಿನ ಯಾವುದೋ ಪಡಸಾಲೆಯಲ್ಲಿ ನಡೆಸುತ್ತಾರೆ, ಯಾವಳೋ ಬಗ್ಗಿ ಸೀರೆ ಎತ್ತುತ್ತಾಳೆ, ಬೆರಳು ಎಣಿಸುತ್ತಾಳೆ. ಎಣಿಸಲಿ. ಕಡಿಮೆ ಬಿದ್ದರೆ ಅವಳ ಕೈ ಹಿಡಿದು ನೂಕು, ಮಗಳೇ. ಇಲ್ಲ, ಕಡಿಮೆ ಬೀಳಬಾರದು. ಬಸವೇಶ್ವರಿಗೆ ಅಳು ಬಂತು. ಕೈ ಒತ್ತಿ ಹಿಡಿದಿದ್ದರಿಂದ ಕಣ್ಣು ಒರೆಸಿಕೊಳ್ಳಲಾಗಲಿಲ್ಲ, ಶಿರಿಷಾ ಬೇರೆ ಕಡೆ ನೋಡಿದಳು.

ಮೊದಲು ಮೊಣಕಾಲು ಕೆಂಪಾಯಿತು. ಆಮೇಲೆ ಮೀನಖಂಡ. ಬಿಳುಪು ಒಂದೇ ಸಮ ಇಳಿಯಲಿಲ್ಲ. ಇಳಿದಂತಾಗುವುದು, ಮತ್ತೆ ಏರಿದಂತೆ ಕಾಣುವುದು. ಅವಳು ನಂಬಲಿಲ್ಲ, ಶಿರಿಷಾಳನ್ನು ಕೇಳಿದಳು, ಶಿರಿಷಾ ಹೂಂ ಅಂದ ಮೇಲೂ ನಂಬಲಿಲ್ಲ. ಹಿಮ್ಮಡಿಗೆ ಬಣ್ಣ ಬಂದಾಗ ನಂಬಿದಳು. ಬೆರಳುಗಳು ಒಂದೊಂದಾಗಿ ತಿರುಗಿದವು. ಕಿರುಬೆರಳು ಮಾತ್ರ ಹಾಗೇ ಉಳಿಯಿತು, ತುದಿಗೆ ಮಸಿ ತಾಗಿದ ಹಾಗೆ.

ಹಂಪಣ್ಣನವರು ನಿಶ್ಚಯದ ರೇಷ್ಮೆ ಜುಬ್ಬಾದಲ್ಲೇ, ಹಣೆಯ ವಿಭೂತಿ ಬೆವರಿಗೆ ಕಲೆಸಿಹೋಗಿ, ಬಂದರು. ಕೈ ತೊಳೆದು ಬಂದು ಕೂಸಿನ ಎಡಗಾಲಿನ ಹೆಬ್ಬೆರಳನ್ನು ಒತ್ತಿ ಬಿಟ್ಟು, ರಕ್ತ ತುಂಬುವುದನ್ನು ನೋಡಿದರು. ಕಿರುಬೆರಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕೋಣೆಗೆ ಬಾ ಎಂದು ಸನ್ನೆ ಮಾಡಿದರು. ಬೈಯುತ್ತಾರೆ ಎಂದು ಅವಳು ಸಿದ್ಧಳಾಗಿ ಹೋದಳು. ಬೈಯಲಿಲ್ಲ. ಕೂಡು ಅಂದರು.

"ತೆಗದಿ. ಆಗಿಹೋತು. ಬಹುಶಃ ಚೊಲೋನ ಮಾಡಿದಿ. ಕಿರುಬೆರಳು ಬಂದ್ರ ಬರ್ತೈತಿ, ಇಲ್ಲಂದ್ರ ತುದಿ ಉದುರತೈತಿ. ಈಗ ಹೊರಗ ಏನ ಹೇಳ್ತಿ?"

"ಆದದ್ದು ಹೇಳ್ತೀನಿ ಸರ್."

"ಏನಾತು?" ಎಂದು ಅವರು ಮೇಜಿನ ಮೇಲೆ ಬಾಗಿದರು. "ಅಜ್ಜಿ ದಾರ ಕಟ್ಟಿದ್ಲು, ಅರಿವಿ ಮುಚ್ಚಿದ್ಲು, ಕಾಲಿಗೆ ರಕ್ತ ಹೋಗಲಿಲ್ಲ. ನಾ ಒಳಗ ಬರೋವಾಗ ಅಕಿನಽ ನನ್ನ ಕಾಲಿಗೆ ಬಿದ್ದು ಹೇಳಿದ್ಲು, ನಂದಽ ತಪ್ಪಾತ್ರಿ ಅಂತ. ನಾವೇನೂ ಸುಳ್ಳು ಹೇಳೂದು ಬ್ಯಾಡ. ಸುಮ್ಕಿದ್ರ ಆತು."

ಅವರು ದನಿ ತಗ್ಗಿಸಿದರು. ಈ ಆಸ್ಪತ್ರೆ ಇಲ್ಲದಾಗ ಇಂಥ ಕೂಸುಗಳನ್ನು ಕರ್ನೂಲಿಗೋ ರಾಯಚೂರಿಗೋ ಒಯ್ಯುತ್ತಿದ್ದರು, ಅರ್ಧ ಕೂಸುಗಳು ಜೀಪಿನಲ್ಲೇ ಹೋಗುತ್ತಿದ್ದವು ಎಂದರು. ತಮ್ಮ ಸ್ವಂತ ತಂಗಿಯ ಕೂಸು ಹೋದದ್ದೂ ಹಾಗೇ, ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಾಳೆ ನಳಿ ಕೂಸಿನ ಕಾಲು ತಿಂತು ಎಂದು ಕೆ.ಟಿ. ದೊಡ್ಡಿಯಿಂದ ಕೋಸಗಿಯವರೆಗೆ ಸುದ್ದಿ ಹಬ್ಬಿದರೆ ಇನ್ನೊಬ್ಬ ತಾಯಿ ನಳಿ ಹಾಕಲು ಒಪ್ಪುತ್ತಾಳೆಯೇ? ಆಗ ಸಾಯುವ ಕೂಸುಗಳ ಲೆಕ್ಕ ಯಾರ ತಲೆಗೆ? "ಮುದುಕಿಗೆ ಏನಾಗತೈತಿ? ಎರಡು ದಿನ ಅಳ್ತಾಳ. ಅಕಿನ್ನ ಯಾರು ಜೈಲಿಗೆ ಹಾಕ್ತಾರ?" ಎಂದರು. ಅವರ ಕಣ್ಣಲ್ಲಿ ನಿಜವಾದ ದುಃಖವಿತ್ತು. ಅದೇ ಕಷ್ಟ. ಕೆಟ್ಟ ಮನುಷ್ಯ ಆಗಿದ್ದರೆ ಎದ್ದು ಬಾಗಿಲು ಬಡಿದು ಹೋಗಬಹುದಿತ್ತು.

ದಾರ ಕಂಡಾಗ ತನ್ನ ಮೈ ಹಗುರಾದದ್ದು ಅವಳಿಗೆ ನೆನಪಾಯಿತು. ಇವರು ಈಗ ಕೊಡುತ್ತಿರುವುದು ಅದೇ ಹಗುರ, ಜನ್ಮವಿಡೀ ಇಟ್ಟುಕೊಳ್ಳುವ ಹಾಗೆ. ತೆಗೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಹುಡುಗಿ ಬೆಳೆಯುತ್ತಾಳೆ, ಕುಂಟುತ್ತಾಳೋ ಇಲ್ಲವೋ, ಕಿರುಬೆರಳು ಯಾಕೆ ಹಿಂಗೈತಿ ಎಂದು ಕೇಳುತ್ತಾಳೆ. ನಿಮ್ಮಜ್ಜಿ ದಾರ ಕಟ್ಟಿದ್ಲು ಎನ್ನುತ್ತಾರೆ ಮನೆಯವರು. ಜಗಳ ಬಂದಾಗಲೆಲ್ಲ ಸೊಸೆ ಅದನ್ನೇ ಎತ್ತುತ್ತಾಳೆ. ಮುದುಕಿ ಇನ್ನು ಯಾವ ಕೂಸಿಗೂ ಎರೆಯುವುದಿಲ್ಲ, ಕರೆಯುವವರೂ ಇರುವುದಿಲ್ಲ. ಎರಡು ದಿನದ ಅಳುವಂತೆ! ಆ ಕೈ ಇರುವತನಕ ಆ ಕೈಯನ್ನು ನೋಡುತ್ತ ಅವಳು ಬದುಕಬೇಕು. ಬಸವೇಶ್ವರಿಗೆ ಒಮ್ಮೆಲೇ ಬಂದ ಸಿಟ್ಟು ಹಂಪಣ್ಣನ ಮೇ‌ಲೋ ತನ್ನ ಮೇಲೋ ತಿಳಿಯಲಿಲ್ಲ. ಯಾರ ಮೇಲಾದರೇನು, ಅದು ಅವಳನ್ನು ಎಬ್ಬಿಸಿ ನಿಲ್ಲಿಸಿತು.

"ಮಂದಿ ಕೇಳಿದ್ರ ನಳಿ ಯಾಕ ಬೇಕು, ಅದರಿಂದ ಏನಾಗಬಹುದು, ಎರಡೂ ಹೇಳ್ತೀನಿ ಕಾಕಾ. ಹೇಳಿ ಒಪ್ಪಸ್ತೀನಿ. ತಪ್ಪು ಮುದುಕಿ ತಲಿ ಮ್ಯಾಲೆ ಇಟ್ಟು ನಾ ಡಾಕ್ಟರ್ಕಿ ಮಾಡಂಗಿಲ್ಲ."

ಕಾಕಾ ಎಂದದ್ದು ತಾನಾಗಿ ಬಂದುಬಿಟ್ಟಿತ್ತು. ಅವರ ಮುಖ ಗಟ್ಟಿಯಾಯಿತು. "ಹೊರಗ ಹೋಗಿ ಹೇಳಿದಿ ಅಂದ್ರ ನಾಳಿಂದ ಇಲ್ಲಿ ಬರಬ್ಯಾಡ. ನಿಮ್ಮಪ್ಪಗ ನಾನ ಹೇಳ್ತೀನಿ."

"ಹೇಳ್ರಿ. ನಾಳಿಂದು ನಾಳಿಗೆ. ಇವತ್ತಿನ ಪಾಳಿ ನಂದಽ ಐತಿ" ಎಂದು ಹೊರಗೆ ಬಂದಳು.

ಆಸ್ಪತ್ರೆಯ ಪಡಸಾಲೆಯ ಕೊನೆಯಲ್ಲಿ, ಬೆಂಚು ಖಾಲಿಯಿದ್ದರೂ ನೆಲದ ಮೇಲೆ ಕುರುಮಮ್ಮ ಕೂತಿದ್ದಳು. ತಲೆಯ ಮೇಲೆ ಸೆರಗು, ಬಲಗೈಯನ್ನು ಎಡಗೈಯಿಂದ ಒಂದೇ ಸಮ ಬಡಿದುಕೊಳ್ಳುತ್ತಿದ್ದಳು, ಬೇರೆಯವರ ಕೈಯನ್ನು ಬಡಿಯುವಂತೆ. ಸುತ್ತ ಕೂತವರು ಅವಳಿಂದ ಸ್ವಲ್ಪ ಸರಿದು ಕೂತಿದ್ದರು. ಸುದ್ದಿ ಆಗಲೇ ಹಬ್ಬಿತ್ತು. ಬಸವೇಶ್ವರಿ ಅವಳ ಎದುರು ನೆಲಕ್ಕೆ ಕೂತಳು. "ಅಮ್ಮಾ, ಕಾಲಿಗೆ ಬಣ್ಣ ಬಂದೈತಿ. ಕಿರುಬೆರಳು ಇನ್ನಾ ನೋಡಬೇಕು. ಇದು ನಿಮ್ಮ ದಾರದಿಂದ ಆಗಿದ್ದಲ್ಲ. ಹೊಕ್ಕುಳಾಗ ನಾ ಹಾಕಿದ ನಳಿಯಿಂದ ಆತು."

ಮುದುಕಿ ತಲೆ ಎತ್ತಲಿಲ್ಲ. "ನನ್ನ ಸಮಾಧಾನಕ್ಕ ಹೇಳಬ್ಯಾಡ ತಾಯಿ. ನೀ ನಮ್ಮಾಕಿ ಅಂತ ಹೇಳಾಕತ್ತಿ. ನನ್ನ ಕೈಗೆ ಬೆಂಕಿ ಹಾಕ."

ಇದನ್ನು ಬಸವೇಶ್ವರಿ ನಿರೀಕ್ಷಿಸಿರಲಿಲ್ಲ. ಸತ್ಯ ಹೇಳಿದರೆ ಬೈಗುಳ ಬೀಳುತ್ತದೆ ಎಂದುಕೊಂಡಿದ್ದಳು. ಅದು ಕರುಣೆಯಂತೆ ಕೇಳಿಸಬಹುದು ಎಂದುಕೊಂಡಿರಲಿಲ್ಲ. ಒಂದು ಕ್ಷಣ, ಹೇಳಿದ್ದಾಯಿತಲ್ಲ, ನಂಬದಿದ್ದರೆ ಅವಳ ಇಷ್ಟ ಎಂದು ಎದ್ದುಹೋಗುವ ಮನಸ್ಸೂ ಆಯಿತು. ಹೋಗಲಿಲ್ಲ. ಮುದುಕಿಯ ರಟ್ಟೆ ಹಿಡಿದು ಎಬ್ಬಿಸಿದಳು, ಒಳಗೆ ಕರೆದುಕೊಂಡು ಹೋದಳು, ಕೈ ತೊಳೆಸಿದಳು, ಕೂಸಿನ ಹತ್ತಿರ ನಿಲ್ಲಿಸಿದಳು. "ಇಲ್ಲಿ ದಾರ ಇತ್ತು, ನೋಡ್ರಿ. ಗೆರಿ ಐತೇನು? ಮುಟ್ಟಿ ನೋಡ್ರಿ. ಬೆಳ್ಳಗಾಗಿದ್ದು ಇಲ್ಲಿತನಕ, ಮೊಣಕಾಲತನಕ." ಕೂಸನ್ನು ಮೆಲ್ಲಗೆ ಓರೆ ಮಾಡಿದಳು. ಕುಂಡೆಯ ಮೇಲಿನ ಮಚ್ಚೆ ಪೂರ್ತಿ ಹೋಗಿರಲಿಲ್ಲ, ಅಂಚು ಇನ್ನೂ ಕಾಣುತ್ತಿತ್ತು. "ಇಲ್ಲೂ ಆಗಿತ್ತು. ನಿಮ್ಮ ದಾರ ಇಲ್ಲಿ ಕಟ್ಟಿದ್ರೇನು?"

ಕುರುಮಮ್ಮ ಬಗ್ಗಿ ನೋಡಿದಳು. ಎಷ್ಟೋ ಕೂಸುಗಳ ಮೈ ತಿಕ್ಕಿದ ಬೆರಳಿನಿಂದ ಕಣಕಾಲಿನ ಸುತ್ತ ಸವರಿದಳು, ಮೊಣಕಾಲಿಗೆ ಬಂದಳು, ಮಚ್ಚೆಯ ಅಂಚಿಗೆ ಬಂದು ನಿಂತಳು. ಆಮೇಲೆ ನಿಧಾನವಾಗಿ ನೆಟ್ಟಗಾದಳು.

"ಮತ್ತ ಅರಿವಿ?"

"ಅರಿವಿಯಿಂದ ಏನೂ ಆಗಿಲ್ಲ. ಕಾಲು ಬೆಳ್ಳಗಾಗಿದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ ಅಷ್ಟ. ಯಾಕ ಮುಚ್ಚಬಾರದು ಅಂತ ನಿಮಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದೂ ಇರಲಿ ಬಿಡ್ರಿ ಅಂದೆ."

ಮುದುಕಿಯ ಮುಖದಲ್ಲಿ ರಕ್ತ ಏರಿತು. "ಗೊತ್ತಿದ್ದೂ ಅಂದೀ?" ಎಂದಳು. ದನಿ ಮೊದಲು ಸಣ್ಣದಾಗಿತ್ತು, ಆಮೇಲೆ ಇಡೀ ಕೋಣೆ ತುಂಬಿತು. "ಗೊತ್ತಿದ್ದಾಕಿ ನನ್ನ ಕೈ ಹಿಡಿದು ತೆಗಸಬೇಕಿತ್ತಿಲ್ಲೊ? ನಾಕು ಅಕ್ಷರ ಕಲಿಯದಾಕಿ ನಾನು, ನಾ ಏನೋ ಅಂದೆ, ನೀ ಯಾಕ ಹೂಂ ಅಂದಿ? ಮಕ್ತಲದಾಕಿ ಅಂತ! ಊರು ತಗೊಂಡು ಏನ ಮಾಡಲಿ? ಆಗಿಂದ ನಾ ಸತ್ತು ಸತ್ತು ಕುಂತೀನಲ್ಲೇ ಅಲ್ಲಿ, ಮಂದಿ ನನ್ನ ಮಾರಿಗೆ ಉಗುಳೂದೊಂದು ಬಾಕಿ. ಅವಾಗ ಕೇಳಿದಾಗ ಬಾಯಿ ಬಿದ್ದಿತ್ತೇನು ನಿಂದು?" ಬಾಗಿಲಲ್ಲಿ ಹಂಪಣ್ಣನವರು ಬಂದು ನಿಂತಿದ್ದರು. ಆಯಾ, ಶಿರಿಷಾ, ಬೇರೆ ಕೂಸುಗಳ ತಾಯಂದಿರು ಎಲ್ಲರೂ ನೋಡುತ್ತಿದ್ದರು. ಬಸವೇಶ್ವರಿ ತಲೆ ತಗ್ಗಿಸಲಿಲ್ಲ. ಬೈಯಿ, ಇನ್ನೂ ಬೈಯಿ ಎನ್ನಿಸಿತು ಅವಳಿಗೆ. ನೆಲದ ಮೇಲೆ ಮುದುಡಿ ಕೂತು ತನ್ನ ಕೈಯನ್ನು ತಾನೇ ಬಡಿದುಕೊಳ್ಳುತ್ತಿದ್ದ ಹೆಂಗಸು ಈಗ ಸೊಂಟದ ಮೇಲೆ ಅದೇ ಕೈ ಇಟ್ಟುಕೊಂಡು ನಿಂತಿದ್ದಳು. ನಳಿ ತೆಗೆದದ್ದು ಒಂದು, ಇಡೀ ದಿನದಲ್ಲಿ ತಾನು ಸರಿಯಾಗಿ ಮಾಡಿದ ಎರಡನೇ ಕೆಲಸ ಇದು ಎಂದುಕೊಂಡಳು ಬಸವೇಶ್ವರಿ.

"ಕುರುಮಮ್ಮ, ಸಾಕು, ಹೊರಗ ನಡೀರಿ. ಇವರ ಪಾಳಿ ಮುಗೀತು, ಇನ್ನ ನಾನ ನೋಡ್ತೀನಿ" ಎಂದರು ಹಂಪಣ್ಣನವರು, ಆಸ್ಪತ್ರೆಯ ದನಿಯಲ್ಲಿ.

ಕುರುಮಮ್ಮ ಅವರ ಕಡೆ ತಿರುಗಿದಳು, ರೇಷ್ಮೆ ಜುಬ್ಬಾವನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮ್ಮ ಕಾಲಿಗೆ ಬಿದ್ದು ನನ್ನ ತಪ್ಪಾತು ಅಂದಾಗ ನೀವು ಹೂಂ ಅಂದ್ರಿ. ನೀವು ಬ್ಯಾಡ್ರಿ." ಆಮೇಲೆ ಒಂದು ಸ್ಟೂಲನ್ನು ಕಾಲಿನಿಂದ ಸರಿಸಿ ಕೂಸಿನ ಪಕ್ಕಕ್ಕೆ ದೂಡಿ, ಬಸವೇಶ್ವರಿಗೆ ಬೆರಳು ತೋರಿಸಿದಳು. "ಏ ಡಾಕ್ಟ್ರಮ್ಮ, ನೀ ಕೂಡಿಲ್ಲಿ. ಆ ಬೆರಳು ಕೆಂಪಾಗೋತನಕ ಏಳಬ್ಯಾಡ. ಎದ್ದಿ ಅಂದ್ರ ನೋಡು ಮತ್ತ."

ಬಸವೇಶ್ವರಿ ಕೂತಳು.